ಇಲ್ಲದ ತೂಕದ ಬೆಲೆ

ಸೈಕಲ್ಲಿನ ಬೆಲೆ ಏರುತ್ತ ಹೋದಂತೆ ಅದರ ಮೇಲಿರುವ ಸಾಮಾನು ಕಡಿಮೆಯಾಗುತ್ತ ಹೋಗುತ್ತದೆ. ಪೇಪರ್ ಹಾಕುವ ಹುಡುಗನ ಸೈಕಲ್ಲಿಗೆ ಸ್ಟ್ಯಾಂಡು, ಕ್ಯಾರಿಯರು, ಬೆಲ್ಲು, ಮಡ್‌ಗಾರ್ಡು, ಚೈನ್ ಕವರು, ಬೀಗ ಎಲ್ಲವೂ ಇರುತ್ತವೆ. ಅರ್ಧ ಲಕ್ಷದ ರೋಡ್ ಬೈಕಿಗೆ ಬಂದರೆ ಕ್ಯಾರಿಯರ್ ಮಾಯ, ಸ್ಟ್ಯಾಂಡ್ ಮಾಯ, ಮಡ್‌ಗಾರ್ಡ್ ಮಾಯ. ಮಳೆಗಾಲದಲ್ಲಿ ಬೆನ್ನ ಮೇಲೆ ಕೆಸರಿನ ಉದ್ದ ಗೆರೆ ಎಳೆಸಿಕೊಂಡೇ ಮನೆಗೆ ಬರಬೇಕು. ಮೂರು ಲಕ್ಷದ್ದಕ್ಕೆ ಪೆಡಲ್ಲೇ ಇರುವುದಿಲ್ಲ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಅಂಗಡಿಯಲ್ಲಿ ನೇತುಹಾಕಿದ್ದ ಹೊಳೆಯುವ ಕಾರ್ಬನ್ ಸೈಕಲ್ಲನ್ನು ತೋರಿಸಿ, "ಇದರ ಪೆಡಲ್ ಎಲ್ಲಪ್ಪಾ?" ಎಂದು ಕೇಳಿದಾಗ ಹುಡುಗ ಒಂದಿಷ್ಟೂ ಸಂಕೋಚವಿಲ್ಲದೆ, "ಈ ರೇಂಜಿಗೆ ಪೆಡಲ್ ಬರಲ್ಲ ಸಾರ್, ಬೇರೆ ತಗೋಬೇಕು" ಎಂದ. ಈ ಮಟ್ಟದ ಸವಾರರು ಶೂವಿನ ಅಡಿಯನ್ನು ಕಚ್ಚಿಕೊಳ್ಳುವ ಪೆಡಲ್ಲುಗಳನ್ನು ತಮ್ಮ ತಮ್ಮ ಶೂವಿಗೆ ಹೊಂದುವಂತೆ ಆರಿಸಿಕೊಳ್ಳುತ್ತಾರೆ, ಕಂಪನಿಯವರು ಕೊಟ್ಟರೂ ಬಿಚ್ಚಿ ಎಸೆಯುತ್ತಾರೆ ಎಂಬುದು ಅವನ ವಿವರಣೆ. ವಿವರಣೆ ಸರಿಯಾಗಿಯೇ ಇತ್ತು. ಆದರೂ ತುಳಿಯಲು ಏನೂ ಇಲ್ಲದ ಸೈಕಲ್ಲಿಗೆ ಮೂರು ಲಕ್ಷ ಎಂಬುದನ್ನು ಮನೆಯಲ್ಲಿ ಹೇಗೆ ಹೇಳುವುದು ಎಂದು ನಾನು ಅಲ್ಲೇ ನಿಂತು ಯೋಚಿಸತೊಡಗಿದೆ.

ನಮ್ಮಪ್ಪನ ಕಾಲದಲ್ಲಿ ಇದು ಪೂರ್ತಿ ತಿರುಗಾಮುರುಗಾ. ಸೈಕಲ್ ಸುಧಾರಿಸಿತು ಎಂದರೆ ಅದಕ್ಕೆ ಏನೋ ಸೇರಿತು ಎಂದರ್ಥ. ಮೊದಲ ವರ್ಷ ಡೈನಮೊ, ಮರುವರ್ಷ ಸೀಟಿಗೆ ಜೂಲಿನ ಕವರು, ಆಮೇಲೆ ಹಿಂದಿನ ಮಡ್‌ಗಾರ್ಡಿಗೆ ರಬ್ಬರ್ ಫ್ಲ್ಯಾಪು, ಹಬ್ಬಕ್ಕೆ ಚಕ್ರದ ನಡುವೆ ಬಣ್ಣಬಣ್ಣದ ಕುಚ್ಚು. ಇವೆಲ್ಲದರ ಮೇಲೆ ಪುರಸಭೆಯ ಲೈಸೆನ್ಸ್ ಬಿಲ್ಲೆ. ಎಲ್ಲ ಸೇರಿ ಆ ಕಪ್ಪು ಸೈಕಲ್ಲನ್ನು ಜಗಲಿಯ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕಾಗುತ್ತಿತ್ತು. ಬಾರಿನ ಅಡಿಯಿಂದ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತ ಕಲಿತ ನಮಗೆ ಅದರ ತೂಕ ಮೊಣಕಾಲಿನ ಚರ್ಮಕ್ಕೆ ಗೊತ್ತು. ಅದನ್ನು ಹಗುರ ಮಾಡಬೇಕೆಂದು ಮಾತ್ರ ಮನೆಯಲ್ಲಿ ಯಾರಿಗೂ ತೋಚಿದ್ದಿಲ್ಲ. ಭಾರವಿದ್ದರೆ ಗಟ್ಟಿ, ಗಟ್ಟಿಯಿದ್ದರೆ ಒಳ್ಳೆಯದು, ಅಲ್ಲಿಗೆ ಮಾತು ಮುಗಿಯಿತು.

ಈಗ ನನ್ನಲ್ಲಿರುವುದು ಅಲ್ಯುಮಿನಿಯಂ ಫ್ರೇಮಿನ ಒಂದು ರೋಡ್ ಬೈಕು. ಶಿಮಾನೊ ಕಂಪನಿಯ ಕ್ಲಾರಿಸ್ ಗೇರು, ಹಿಂದೆ ಎಂಟು ಹಲ್ಲುಚಕ್ರ, ರಿಮ್ಮನ್ನು ಹಿಡಿಯುವ ಬ್ರೇಕು, ಎಲ್ಲ ಸೇರಿ ಹತ್ತೂವರೆ ಕಿಲೋ. ಸೈಕಲ್ ಬಲ್ಲವರಿಗೆ ಕ್ಲಾರಿಸ್ ಎಂದರೆ ಸಾಕು, ನನ್ನ ಅಂತಸ್ತು ತಿಳಿಯುತ್ತದೆ. ಅದರ ಮೇಲೆ ಸೋರಾ, ಅದರ ಮೇಲೆ ಟಿಯಾಗ್ರಾ, ಅದರ ಮೇಲೆ 105, ಆಮೇಲೆ ಅಲ್ಟೆಗ್ರಾ, ತುತ್ತತುದಿಯಲ್ಲಿ ಡ್ಯುರಾ-ಏಸ್. ಭಾನುವಾರ ನಸುಕಿನಲ್ಲಿ ಹೆಬ್ಬಾಳದ ಬಳಿ ಸೇರಿ ನಂದಿಬೆಟ್ಟಕ್ಕೆ ಹೊರಡುವ ನಮ್ಮ ಗುಂಪಿನಲ್ಲಿ ಒಬ್ಬೊಬ್ಬರೂ ಈ ಏಣಿಯನ್ನು ಹತ್ತುತ್ತ ಹೋದರು. ನಾನು ಕೆಳಗಿನ ಮೆಟ್ಟಿಲಲ್ಲೇ ಉಳಿದೆ. ಅವರ ಸೈಕಲ್ಲುಗಳು ಗೇರು ಬದಲಿಸುವಾಗ 'ಜ಼ಿಕ್' ಎಂಬ ಸಣ್ಣ ಮೋಟಾರಿನ ಸದ್ದು ಮಾಡುತ್ತವೆ; ನನ್ನದು 'ಕಟಕ್' ಎನ್ನುತ್ತದೆ. ಬೆಳಗಿನ ಐದು ಗಂಟೆಯ ನಿಶ್ಶಬ್ದದಲ್ಲಿ ಈ 'ಕಟಕ್' ಸ್ವಲ್ಪ ಜೋರಾಗಿಯೇ ಕೇಳಿಸುತ್ತದೆ.

ಸೈಕಲ್ ಅಂಗಡಿಯಲ್ಲಿ ಒಂದು ವಿಚಿತ್ರ ಶಾಸ್ತ್ರವಿದೆ. ಯಾರೂ ಮೊದಲು ಹತ್ತಿ ಓಡಿಸಿ ನೋಡುವುದಿಲ್ಲ, ಎತ್ತಿ ನೋಡುತ್ತಾರೆ. "ಒಂದ್ ಸಲ ಎತ್ತಿ ನೋಡಿ ಸಾರ್" ಎಂದ ಹುಡುಗ. ಎರಡು ಬೆರಳಲ್ಲಿ ಎತ್ತಿದೆ, ಬಂತು. ಎಂಟು ಕಿಲೋ ಚಿಲ್ಲರೆ. ನನ್ನ ಮುಖದಲ್ಲಿ ಏನೋ ಬದಲಾವಣೆ ಕಂಡಿರಬೇಕು; ಅವನು ಕೂಡಲೇ, ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ. 12ರಿಂದ 5ಕ್ಕೆ ಇಳಿದದ್ದನ್ನು ನೆನಪಿಸಿದ. ತೆರಿಗೆ ಇಳಿದಿದೆ ಎಂಬ ಕಾರಣಕ್ಕೆ ಲಕ್ಷಗಟ್ಟಲೆ ಖರ್ಚು ಮಾಡಿದರೆ ಉಳಿತಾಯ ಮಾಡಿದಂತೆ ಅನಿಸುವ ಮನಸ್ಥಿತಿಯೊಂದು ಇದೆ. ಅದರ ಹೊಸ್ತಿಲಲ್ಲಿ ನಾನು ಕೆಲವು ಕ್ಷಣ ನಿಂತಿದ್ದೆ.

ಮನೆಗೆ ಬಂದು ಕಾಗದ ಪೆನ್ನು ಹಿಡಿದು ಕೂತೆ. ನನ್ನ ಸೈಕಲ್ಲಿಗೂ ಅದಕ್ಕೂ ತೂಕದ ವ್ಯತ್ಯಾಸ ಎರಡು ಕಿಲೋ ಚಿಲ್ಲರೆ. ಬೆಲೆಯ ವ್ಯತ್ಯಾಸ ಎರಡೂವರೆ ಲಕ್ಷದ ಹತ್ತಿರ. ಅಂದರೆ ಗ್ರಾಂಗೆ ನೂರು ರೂಪಾಯಿಗಿಂತ ಮೇಲೆ. ಜೀವಮಾನವೆಲ್ಲ ನಾನು ತೂಕಕ್ಕೆ ದುಡ್ಡು ಕೊಟ್ಟವನು. ತೂಕ ಇಲ್ಲದಿರುವುದಕ್ಕೆ ಕೊಡಬೇಕಾಗಿ ಬಂದದ್ದು ಇದೇ ಮೊದಲು. ಸರಿ, ಕೊಟ್ಟರೆ ಏನು ಸಿಗುತ್ತದೆ? ನಂದಿಯ ಏರು ಬುಡದಿಂದ ಸುಮಾರು ಏಳೂವರೆ ಕಿಲೋಮೀಟರು, ಎತ್ತರ ನಾನೂರು ಮೀಟರಿಗೂ ಮೇಲೆ. ನಾನು, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ ಎಂಬತ್ತೆಂಟು ಕಿಲೋ. ಏರಿನಲ್ಲಿ ನಾವು ಮುಖ್ಯವಾಗಿ ಸೆಣಸುವುದು ಭೂಮಿಯ ಸೆಳೆತದ ಜೊತೆಗೆ, ಆದ್ದರಿಂದ ತೂಕ ಶೇಕಡಾ ಎಷ್ಟು ಇಳಿಯಿತೋ ಸಮಯವೂ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. ಎಂಬತ್ತೆಂಟರಲ್ಲಿ ಎರಡು ಕಿಲೋ ಚಿಲ್ಲರೆ ಎಂದರೆ ಶೇ. 2.5. ಐವತ್ತು ನಿಮಿಷದ ಏರಿನಲ್ಲಿ ಉಳಿಯುವುದು ಒಂದು ನಿಮಿಷದ ಮೇಲೆ ಒಂದಿಷ್ಟು ಸೆಕೆಂಡು. ಮೇಲೆ ಹೋದ ಮೇಲೆ ಆ ಒಂದು ನಿಮಿಷವನ್ನು ನಾನು ಏನು ಮಾಡುತ್ತೇನೆ? ಹಿಂದೆ ಬರುವವರಿಗಾಗಿ ಕಾಯುತ್ತೇನೆ.

ಈ ಹಂತದಲ್ಲಿ ಸೈಕಲ್ ಹೊಡೆಯದವರೆಲ್ಲ ಒಂದೇ ಮಾತು ಹೇಳುತ್ತಾರೆ: ಎರಡು ಕಿಲೋ ಹೊಟ್ಟೆಯಿಂದ ಇಳಿಸಿದರೆ ಆಯಿತಲ್ಲ, ಬಿಟ್ಟಿ. ಈ ಹಾಸ್ಯ ಎಷ್ಟು ಹಳೆಯದೆಂದರೆ ಅದಕ್ಕೆ ನಗುವುದು ಒಂದು ಸಾಮಾಜಿಕ ಕರ್ತವ್ಯವಾಗಿಬಿಟ್ಟಿದೆ. ಆದರೆ ಅದು ವಾದವಾಗಿ ಅಷ್ಟು ಗಟ್ಟಿಯಲ್ಲ. ಕಾರ್ಬನ್ ಫ್ರೇಮು ಒಮ್ಮೆ ಇಳಿಸಿದ ತೂಕವನ್ನು ಮತ್ತೆ ಏರಿಸಿಕೊಳ್ಳುವುದಿಲ್ಲ. ನನ್ನ ಹೊಟ್ಟೆ ಎರಡು ಮದುವೆ, ಒಂದು ಗೃಹಪ್ರವೇಶದ ಹೋಳಿಗೆಯಲ್ಲಿ ಎಲ್ಲ ಬಾಕಿ ತೀರಿಸುತ್ತದೆ. ಹಗುರಾಗುವುದಕ್ಕೂ ಒಂದು ಮಿತಿ ಇದೆ ಎಂಬುದು ಇನ್ನೊಂದು ತಮಾಷೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದ ಪ್ರಕಾರ ಸ್ಪರ್ಧೆಯ ಸೈಕಲ್ 6.8 ಕಿಲೋಗಿಂತ ಹಗುರ ಇರುವ ಹಾಗಿಲ್ಲ. 2000ದಿಂದ ಈ ಕಟ್ಟಳೆ ಇದೆ. ನಂದಿಬೆಟ್ಟಕ್ಕೆ ಅಂಥ ಕಟ್ಟಳೆ ಇಲ್ಲ. ಟೂರ್ ದ ಫ್ರಾನ್ಸ್ ಗೆಲ್ಲುವವನಿಗೆ ಇಲ್ಲದ ಸ್ವಾತಂತ್ರ್ಯ ದುಡ್ಡಿದ್ದರೆ ನನಗೆ ಇದೆ.

ವೇಗದ ವಿಷಯದಲ್ಲಿ ಸೈಕಲ್ ಎಷ್ಟು, ಮನುಷ್ಯ ಎಷ್ಟು ಎಂಬ ಪ್ರಶ್ನೆಗೆ ಇತಿಹಾಸದಲ್ಲಿ ಒಮ್ಮೆ ಒಂದು ಒಳ್ಳೆಯ ಪ್ರಯೋಗ ತಾನಾಗಿಯೇ ನಡೆದುಹೋಗಿದೆ. ಒಂದು ಗಂಟೆಯಲ್ಲಿ ಟ್ರ್ಯಾಕಿನ ಮೇಲೆ ಎಷ್ಟು ದೂರ ಹೋಗಬಹುದು ಎಂಬ ದಾಖಲೆಗೆ ಸೈಕ್ಲಿಂಗ್ ಲೋಕದಲ್ಲಿ ಬಹಳ ಗೌರವ. ಬೆಲ್ಜಿಯಮಿನ ಎಡ್ಡಿ ಮೆರ್ಕ್ಸ್ 1972ರಲ್ಲಿ ಗಾಳಿ ತೆಳುವಾಗಿರುವ ಮೆಕ್ಸಿಕೊ ನಗರಕ್ಕೆ ಹೋಗಿ 49.431 ಕಿಲೋಮೀಟರ್ ಹೊಡೆದ. ಅವನ ಸೈಕಲ್ಲನ್ನು ಕಟ್ಟಿದವನು ಇಟಲಿಯ ಎರ್ನೆಸ್ಟೊ ಕೊಲ್ನಾಗೊ. ತೂಕ ಇಳಿಸುವ ಹುಚ್ಚಿನಲ್ಲಿ ಬಿಡಿಭಾಗಗಳಿಗೆಲ್ಲ ತೂತು ಕೊರೆದಿದ್ದ. ಆಮೇಲೆ ಕಾಲ ಬದಲಾಯಿತು. ಗಾಳಿ ಸೀಳುವ ಸೈಕಲ್ಲುಗಳು ಬಂದವು. ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಲೋಟಸ್ ಕಂಪನಿಯ ಅಚ್ಚುಹಾಕಿದ ಕಾರ್ಬನ್ ಸೈಕಲ್ಲಿನಲ್ಲಿ ಚಿನ್ನ ಗೆದ್ದ. 1996ರಲ್ಲಿ ಅವನೇ ಮ್ಯಾಂಚೆಸ್ಟರಿನಲ್ಲಿ ಎರಡೂ ಕೈಗಳನ್ನು ಹಾರುವವನ ಹಾಗೆ ಮುಂದಕ್ಕೆ ಚಾಚಿ ಒಂದು ಗಂಟೆಯಲ್ಲಿ 56.375 ಕಿಲೋಮೀಟರ್ ಹೋದ. ಒಕ್ಕೂಟದ ಹಿರಿಯರಿಗೆ ಇದು ಸರಿಬರಲಿಲ್ಲ. ಆ ಭಂಗಿಗೆ ನಿಷೇಧ ಬಿತ್ತು. 2000ದ ಹೊತ್ತಿಗೆ, ಗಂಟೆಯ ದಾಖಲೆ ಬೇಕಾದರೆ ಮೆರ್ಕ್ಸ್ ಹೊಡೆದಂಥ ಸಾದಾ ಸೈಕಲ್ಲಿನಲ್ಲೇ ಹೊಡೆಯಬೇಕು ಎಂದರು. ಬೋರ್ಡ್‌ಮನ್ ಅದಕ್ಕೂ ಸಿದ್ಧನಾದ. ದುಂಡು ಕೊಳವೆಯ ಫ್ರೇಮು, ಬಾಗಿದ ಹ್ಯಾಂಡಲ್ಲು, ತಂತಿಯ ಚಕ್ರ. ಒಂದು ಗಂಟೆ ಮುಗಿದಾಗ ಅವನು ಹೋಗಿದ್ದ ದೂರ 49.441 ಕಿಲೋಮೀಟರು. ಮೆರ್ಕ್ಸ್‌ಗಿಂತ ಹತ್ತು ಮೀಟರ್ ಮುಂದೆ!

ಇಪ್ಪತ್ತೆಂಟು ವರ್ಷದ ನಂತರ ಹತ್ತು ಮೀಟರು. ನಮ್ಮ ಬೀದಿಯಲ್ಲಿ ಎರಡು ಕಾರು ನಿಲ್ಲಿಸಿದರೆ ತುಂಬಿಹೋಗುವ ಜಾಗ. ಹಾಗಾದರೆ ಅದೇ ಮನುಷ್ಯ 1996ರಲ್ಲಿ ಹೆಚ್ಚಿಗೆ ಹೋದ ಸುಮಾರು ಏಳು ಕಿಲೋಮೀಟರು ಎಲ್ಲಿಂದ ಬಂತು? ನಾಲ್ಕು ವರ್ಷದಲ್ಲಿ ಅವನಿಗೆ ವಯಸ್ಸಾಗಿತ್ತು, ನಿವೃತ್ತಿಯ ಅಂಚಿನಲ್ಲಿದ್ದ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಬಹುಪಾಲು ಸೈಕಲ್ಲಿನಿಂದ ಮತ್ತು ಕೂತ ಭಂಗಿಯಿಂದ. ಇದನ್ನು ಓದಿದ ರಾತ್ರಿ ನಾನು ಕಾರ್ಬನ್ ಪಕ್ಷಕ್ಕೆ ವಾಲಿದ್ದೆ. ಬೆಳಿಗ್ಗೆ ಮತ್ತೆ ಯೋಚಿಸಿದಾಗ ಗೊತ್ತಾಯಿತು, ಅದರಲ್ಲಿ ದೊಡ್ಡ ಪಾಲು ಭಂಗಿಯದು. ಸಮತಟ್ಟು ರಸ್ತೆಯಲ್ಲಿ ಮೂವತ್ತರ ವೇಗದಲ್ಲಿ ಹೋಗುವವನ ಶಕ್ತಿಯ ಸುಮಾರು ಮುಕ್ಕಾಲು ಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ, ಮತ್ತು ಆ ಗಾಳಿಗೆ ಅಡ್ಡ ನಿಂತಿರುವುದು ಮುಖ್ಯವಾಗಿ ಸೈಕಲ್ಲಲ್ಲ, ಅದರ ಮೇಲೆ ಕೂತ ನಾನು. ಮೊಣಕೈ ಮಡಿಸಿ ಸ್ವಲ್ಪ ಬಾಗಿದರೆ ಸಿಗುವ ಲಾಭಕ್ಕೆ ಅಂಗಡಿಯಲ್ಲಿ ಬಿಲ್ಲು ಹಾಕುವುದಿಲ್ಲ, ಸೊಂಟ ಹಾಕುತ್ತದೆ.

ಕ್ಯಾಟಲಾಗಿನವರ ಜಾಣತನವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಫ್ರೇಮು ಇಷ್ಟು ವ್ಯಾಟ್ ಉಳಿಸುತ್ತದೆ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಯಾವ ವೇಗದಲ್ಲಿ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ, ಸಾಮಾನ್ಯವಾಗಿ ಗಂಟೆಗೆ 45 ಕಿಲೋಮೀಟರು. ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ 45ರಲ್ಲಿ ಇಪ್ಪತ್ತು ವ್ಯಾಟ್ ಉಳಿಸುವ ಫ್ರೇಮು ನನ್ನ 26ರಲ್ಲಿ ಉಳಿಸುವುದು ನಾಲ್ಕೇ ವ್ಯಾಟು. ಇದನ್ನು ಹೇಳಿದರೆ ಗುಂಪಿನ ಇಂಜಿನಿಯರ್ ಮಿತ್ರ ಒಪ್ಪುವುದಿಲ್ಲ. "ನೀನು ನಿಧಾನ ಹೋಗ್ತೀಯ, ಅದೇ ದಾರೀಲಿ ಹೆಚ್ಚು ಹೊತ್ತು ಇರ್ತೀಯ, ಹಾಗಾಗಿ ನಿನಗೆ ಉಳಿಯೋ ಸೆಕೆಂಡುಗಳು ರೇಸಿನವರಿಗಿಂತ ಕಡಿಮೆ ಏನಿಲ್ಲ" ಎನ್ನುತ್ತಾನೆ. ಲೆಕ್ಕಕ್ಕೆ ಅದೂ ಸರಿಯೇ. ಆದರೆ ನಿಧಾನದವನಿಗೆ ಸೆಕೆಂಡುಗಳ ಕೊರತೆ ಎಂದೂ ಇರಲಿಲ್ಲವಲ್ಲ.

ಸೆಕೆಂಡುಗಳು ಬೇಕಾದವರು ಬೇರೆ ಇದ್ದಾರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಯ ಹುಡುಗ ಹುಡುಗಿಯರು ಎಷ್ಟೋ ವರ್ಷಗಳಿಂದ ರಾಷ್ಟ್ರಮಟ್ಟದ ಸೈಕ್ಲಿಂಗ್‌ನಲ್ಲಿ ಕರ್ನಾಟಕಕ್ಕೆ ಪದಕ ತರುತ್ತಿದ್ದಾರೆ. ಬಹುಪಾಲು ರೈತರ, ಕೂಲಿಯವರ ಮಕ್ಕಳು, ಕ್ರೀಡಾ ಹಾಸ್ಟೆಲುಗಳಲ್ಲಿ ಬೆಳೆದವರು. ಅಲ್ಲಿ ಮೊದಲನೆಯವರಿಗೂ ನಾಲ್ಕನೆಯವರಿಗೂ ನಡುವೆ ಇರುವುದು ಸೆಕೆಂಡಿನ ಚೂರುಗಳು; ಆ ಚೂರುಗಳಿಂದ ಒಂದು ಸರ್ಕಾರಿ ನೌಕರಿ, ಒಂದು ಮನೆಯ ದಾರಿ ತೀರ್ಮಾನವಾಗಬಹುದು. ನಾಲ್ಕು ಲಕ್ಷದ ಸೈಕಲ್ಲು ಯಾರ ತೊಡೆಯಡಿಯಲ್ಲಿ ತನ್ನ ಬೆಲೆಯನ್ನು ಪೂರ್ತಿ ವಸೂಲು ಮಾಡಿಕೊಡುತ್ತದೋ ಅವರು ಅದಕ್ಕಾಗಿ ಅರ್ಜಿ ಹಿಡಿದು ದಾನಿಗಳ ಬಾಗಿಲಿಗೆ ಹೋಗಬೇಕು. ಅದೇ ಸೈಕಲ್ಲು ಬೆಂಗಳೂರಿನ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ವಾರದಲ್ಲಿ ಆರು ದಿನ ಗೋಡೆಗೆ ನೇತಾಡುತ್ತದೆ. ಇದನ್ನು ಬರೆಯುವಾಗ ನನ್ನ ಬಾಲ್ಕನಿಯೂ ನನಗೆ ಕಾಣುತ್ತಿದೆ.

ಇಷ್ಟೆಲ್ಲ ಲೆಕ್ಕವನ್ನು ಊಟದ ಹೊತ್ತಿನಲ್ಲಿ ಹೆಂಡತಿಯ ಮುಂದೆ ಇಟ್ಟೆ. ಅವಳು ವಿರೋಧಿಸುತ್ತಾಳೆ, ನಾನು ಸಮರ್ಥಿಸುತ್ತೇನೆ, ಕೊನೆಗೆ ಇಬ್ಬರೂ ಸೇರಿ ಬೇಡವೆಂದು ತೀರ್ಮಾನಿಸುತ್ತೇವೆ, ನನಗೆ ತ್ಯಾಗದ ಸುಖ ಸಿಗುತ್ತದೆ ಎಂಬುದು ನನ್ನ ಯೋಜನೆ. ಅವಳು ಸಾರು ಬಡಿಸುತ್ತ ಕೇಳಿದಳು: "ಅಲ್ಲಾರೀ, ನಿಮಗದು ಇಷ್ಟ ಆಗಿದ್ಯಾ ಇಲ್ವಾ?"

"ಇಷ್ಟದ ಪ್ರಶ್ನೆ ಅಲ್ಲ ಕಣೇ, ಅದರಿಂದ ಎಷ್ಟು ನಿಮಿಷ..."

"ಮಗಳ ಮದುವೇಲಿ ಕಂಚಿ ಸೀರೆ ತಗೊಂಡ್ನಲ್ಲ, ಅದು ಕಾಟನ್ ಸೀರೆಗಿಂತ ಎಷ್ಟು ಬೇಗ ಒಣಗುತ್ತೆ ಅಂತ ನಾನೇನಾದ್ರೂ ಲೆಕ್ಕ ಹಾಕಿದ್ನಾ? ಚೆನ್ನಾಗಿತ್ತು, ತಗೊಂಡೆ. ಬೇಕು ಅಂದ್ರೆ ತಗೊಳಿ. ಬೇಡ ಅಂದ್ರೆ ಬಿಡಿ. ಈ ವ್ಯಾಟು ಗೀಟು ನನ್ನ ಹತ್ರ ಬೇಡ."

ಅವಳ ಮಾತು ನನ್ನನ್ನು ತಟ್ಟಿದ್ದು ನಿಜ. ನಾವು ಗಂಡಸರು ಆಸೆಯನ್ನು ಆಸೆ ಎಂದು ಹೇಳಿಕೊಳ್ಳಲು ನಾಚುತ್ತೇವೆ. ಅದಕ್ಕೆ ಒಂದು ತಾಂತ್ರಿಕ ಕಾರಣದ ಮುಸುಕು ಹಾಕಿ ಮನೆಗೆ ಕರೆತರುತ್ತೇವೆ. ಗೇರು ಬದಲಾಗುವಾಗ ಆಗುವ ಆ 'ಜ಼ಿಕ್' ಸದ್ದು ನನಗೆ ಇಷ್ಟ, ಅಷ್ಟೇ. ಒಂದು ಬೆರಳು ಸೋಕಿದರೆ ಸಾಕು, ಡಿರೇಲರು ತಾನೇ ಸರಿದು ಚೈನನ್ನು ಪಕ್ಕದ ಹಲ್ಲುಚಕ್ರದ ಮೇಲೆ ಇಡುತ್ತದೆ; ಆ ನಾಜೂಕಿಗೆ ಮನಸ್ಸು ಸೋಲುತ್ತದೆ. ಇದಕ್ಕೆ ದುಡ್ಡು ಕೊಡುವುದರಲ್ಲಿ ಪಾಪವಿಲ್ಲ. ವೇಗಕ್ಕಾಗಿ ಕೊಟ್ಟೆ ಎಂದು ಹೇಳಿಕೊಂಡಾಗ ಮಾತ್ರ ತೊಡಕು, ಯಾಕೆಂದರೆ ಆ ವೇಗ ಬರುವುದಿಲ್ಲ. ಆಗ ಚಕ್ರ ಬದಲಿಸಬೇಕು ಅನಿಸುತ್ತದೆ, ಚಕ್ರವಾದ ಮೇಲೆ ಹ್ಯಾಂಡಲ್ಲು.

ಆದರೂ ಕೊಳ್ಳಲಿಲ್ಲ. ತಡೆದದ್ದು ಬೆಲೆಯಲ್ಲ, ಕಾಫಿ. ನಮ್ಮ ಭಾನುವಾರದ ಸವಾರಿಯಲ್ಲಿ ನಂದಿಗಿಂತ ಮುಖ್ಯವಾದ ಒಂದು ಘಟ್ಟ ವಾಪಸು ಬರುವಾಗಿನ ದರ್ಶಿನಿ. ನನ್ನ ಕ್ಲಾರಿಸ್ ಸೈಕಲ್ಲನ್ನು ಹೊರಗೆ ಮರಕ್ಕೆ ಒರಗಿಸಿ, ಒಳಗೆ ಹೋಗಿ, ಟೋಕನ್ ಸಾಲಿನಲ್ಲಿ ನಿಂತು, ಇಡ್ಲಿ ವಡೆ ತಿಂದು, ಕೈ ತೊಳೆದು, ಕಾಫಿ ಹಿಡಿದು ನಿಧಾನವಾಗಿ ಹೊರಗೆ ಬರುತ್ತೇನೆ. ಸೈಕಲ್ಲಿನ ನೆನಪೇ ಇರುವುದಿಲ್ಲ. ಲಕ್ಷಗಳ ಸೈಕಲ್ಲಿನವರು ಹೀಗೆ ಮಾಡುವಂತಿಲ್ಲ. ಅವರು ಸರದಿಯ ಮೇಲೆ ಕಾವಲು ನಿಲ್ಲುತ್ತಾರೆ. ಒಬ್ಬರಂತೂ ಸೈಕಲ್ಲನ್ನು ಒಳಗೇ ತಂದು, ಮೇಜಿನ ಪಕ್ಕ ನಿಲ್ಲಿಸಿಕೊಂಡು, ಮಾಲೀಕನ ಗದರಿಕೆ ಕೇಳಿಸಿಕೊಂಡು, ಒಂದು ಕೈಯಲ್ಲಿ ಸೀಟು ಹಿಡಿದೇ ದೋಸೆ ತಿನ್ನುತ್ತಾರೆ. ದೇವನಹಳ್ಳಿಯ ಬಳಿ ರಸ್ತೆ ಬದಿಯಲ್ಲಿ ಚಕ್ಕೋತ ಮಾರಾಟಕ್ಕಿದ್ದರೆ ನಾನು ನಿಲ್ಲುತ್ತೇನೆ, ಒಂದನ್ನು ಕೊಂಡು ಅಂಗಿಯ ಹಿಂದಿನ ಜೇಬಿಗೆ ತುರುಕಲು ನೋಡುತ್ತೇನೆ, ಹಿಡಿಸದಿದ್ದರೆ ಹ್ಯಾಂಡಲ್ಲಿಗೆ ಚೀಲ ಕಟ್ಟುತ್ತೇನೆ. ಕಾರ್ಬನ್ ಹ್ಯಾಂಡಲ್ಲಿಗೆ ಒಂದು ಕಿಲೋ ಚಕ್ಕೋತ ಕಟ್ಟಿಕೊಂಡು ಹೋಗುವ ಎದೆಗಾರಿಕೆ ನನಗಿಲ್ಲ. ಒಮ್ಮೆ ಕೆಳಗೆ ಬಿದ್ದರೆ ಬಿರುಕು ಬಿಟ್ಟಿದೆಯೋ ಎಂದು ನಾಣ್ಯದಿಂದ ತಟ್ಟಿ ತಟ್ಟಿ ಸದ್ದು ಆಲಿಸುವವರನ್ನು ನೋಡಿದ್ದೇನೆ. ಸೀಟಿನ ಕಂಬಿಯ ಬೋಲ್ಟನ್ನು ಬಿಗಿ ಮಾಡಲೂ ಅಳತೆಯ ಪಾನಾ ಬೇಕು. ಐದು ನ್ಯೂಟನ್ ಮೀಟರಿಗಿಂತ ಹೆಚ್ಚು ತಿರುಗಿಸಬೇಡಿ ಎಂದು ಅದರ ಮೇಲೇ ಅಚ್ಚು ಹಾಕಿರುತ್ತಾರೆ.

ರಿಪೇರಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಹೆದ್ದಾರಿಯ ಪಂಕ್ಚರ್ ಅಂಗಡಿಯಲ್ಲಿ ನನ್ನ ಸಾಧಾರಣ ರೋಡ್ ಬೈಕಿಗೇ ಗಾಳಿ ತುಂಬಿಸುವುದು ಕಷ್ಟ. ಅದರ ವಾಲ್ವು ತೆಳ್ಳಗಿನ ಪ್ರೆಸ್ಟಾ ಜಾತಿಯದು, ಲಾರಿ ಕಾರಿಗೆ ಗಾಳಿ ಹಿಡಿಯುವ ಮೂತಿ ಅದಕ್ಕೆ ಕೂರುವುದಿಲ್ಲ. ಹುಣಸೆ ಬೀಜದಷ್ಟು ದೊಡ್ಡ ಒಂದು ಹಿತ್ತಾಳೆಯ ಅಡಾಪ್ಟರನ್ನು ಸದಾ ಜೇಬಲ್ಲಿ ಇಟ್ಟುಕೊಳ್ಳಬೇಕು. ಟ್ಯೂಬ್‌ಲೆಸ್ ಟೈರಾದರೆ ಒಳಗಿನ ದ್ರವ ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗುತ್ತದೆ. ಎಲೆಕ್ಟ್ರಾನಿಕ್ ಗೇರಿನ ಬ್ಯಾಟರಿಯನ್ನು ಫೋನಿನ ಹಾಗೆ ಚಾರ್ಜಿಗೆ ಹಾಕಬೇಕು. ಅದನ್ನು ಮರೆತ ಮಿತ್ರನೊಬ್ಬ ಒಂದೇ ಗೇರಿನಲ್ಲಿ ಊರು ಸೇರಿದ್ದನ್ನು ನಾವು ಇನ್ನೂ ಆಡಿಕೊಳ್ಳುತ್ತೇವೆ.

ಹೀಗೆ ಕಾರ್ಬನ್ ಕನಸು ತಣ್ಣಗಾದ ಮೇಲೆ ನಿಜವಾದ ಪ್ರಶ್ನೆ ಕಣ್ಣಿಗೆ ಬಿತ್ತು. ನನ್ನ ಹಳೆಯ ಸೈಕಲ್ಲಿಗೆ ಏನನ್ನು ಹಾಕಬಹುದು, ಏನನ್ನು ಹಾಕಲು ಸಾಧ್ಯವೇ ಇಲ್ಲ? ಈ ಪ್ರಶ್ನೆಯನ್ನು ಯಾವ ಅಂಗಡಿಯವನೂ ತಾನಾಗಿ ಕೇಳುವುದಿಲ್ಲ. ನಾನು ನಮ್ಮ ಬಡಾವಣೆಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಅರವತ್ತು ದಾಟಿದವರು. ಬಾಡಿಗೆ ಸೈಕಲ್ ಇಟ್ಟಿದ್ದ ಕಾಲದಿಂದ ಇದೇ ಕೆಲಸ. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಚಕ್ರ ತಿರುಗಿಸಿ, ಬೆಂಡು ನೋಡಿ, ಚೈನಿನ ಮೇಲೆ ಬೆರಳಾಡಿಸಿ, ಆ ಕರಿಯನ್ನು ನನಗೆ ತೋರಿಸಿ ಹೇಳಿದರು: "ಮೊದಲು ಇದನ್ನ ತೊಳೀರಿ ಸಾಮಿ. ಆಮೇಲೆ ಹೊಸದರ ಮಾತು." ಹೊಸ ಚೈನು, ಹಬ್ಬಿನ ಗ್ರೀಸು, ಒಳ್ಳೆಯ ಟೈರು, ಇಷ್ಟು ಆದಮೇಲೆ ಸೈಕಲ್ಲು ಎದ್ದು ಕೂತಿತು. ಟೈರಿನ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ: ಸೈಕಲ್ಲಿನಲ್ಲಿ ಕೊಟ್ಟ ದುಡ್ಡಿಗೆ ತಕ್ಕ ವ್ಯತ್ಯಾಸ ಕಾಲಿಗೆ ನೇರ ತಿಳಿಯುವ ಭಾಗ ಅದೊಂದೇ. ಅಗ್ಗದ ಗಡಸು ಟೈರಿಗೂ ಒಳ್ಳೆಯ ಮೃದು ಟೈರಿಗೂ ಉರುಳುವಾಗಿನ ವ್ಯತ್ಯಾಸ ಜೋಡಿಗೆ ಹತ್ತು ವ್ಯಾಟಿನ ಮೇಲೂ ಇರಬಹುದು, ಅದೂ ನನ್ನಂಥವನ ವೇಗದಲ್ಲೇ. ಇದು ಹೊಸ ಮಾತೇನಲ್ಲ. ಸ್ಕಾಟ್ಲೆಂಡಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಮಗನ ಮೂರುಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಸುತ್ತಿಕೊಟ್ಟ. ಮರುವರ್ಷವೇ ವಿಲಿಯಂ ಹ್ಯೂಮ್ ಎಂಬ ಸವಾರ ಅಂಥ ಟೈರು ಹಾಕಿಕೊಂಡು ಅಲ್ಲಿಯ ರೇಸುಗಳನ್ನು ಗೆದ್ದುಬಿಟ್ಟ. ಸೈಕಲ್ಲಿನ ಚರಿತ್ರೆಯಲ್ಲಿ ಅದಕ್ಕೆ ಸಮನಾದ ಅಪ್‌ಗ್ರೇಡ್ ಮತ್ತೆ ಬಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಗೇರಿನದೂ ಹಾಗೇ ಬಗೆಹರಿಯಿತು. ನನ್ನ ಮೊಣಕಾಲು ಏರಿನಲ್ಲಿ ನೋಯುತ್ತಿದ್ದುದಕ್ಕೆ ಸೈಕಲ್ ಭಾರವಾದದ್ದು ಕಾರಣವಲ್ಲ, ಹಗುರಾದ ಗೇರು ಇಲ್ಲದಿದ್ದದ್ದು. ಮುಂದೆ 34 ಹಲ್ಲು, ಹಿಂದೆ ಅತಿ ದೊಡ್ಡದು 28. ಹಿಂದಿನದನ್ನು 34 ಹಲ್ಲಿನದಕ್ಕೆ ಬದಲಿಸಿದರೆ ಗಂಟೆಗೆ ಒಂಬತ್ತು ಕಿಲೋಮೀಟರಿನಲ್ಲಿ ಏರುವಾಗ ನಿಮಿಷಕ್ಕೆ ಅರವತ್ತು ಸುತ್ತು ತುಳಿಯುವ ಕಡೆ ಎಪ್ಪತ್ತು ಚಿಲ್ಲರೆ ತುಳಿಯಬಹುದು. ಸುತ್ತು ಹೆಚ್ಚು, ಪ್ರತಿ ಸುತ್ತಿನ ಒತ್ತಡ ಕಡಿಮೆ. ಕೆಲವು ಸಾವಿರದ ಕೆಲಸ. ಮೊಣಕಾಲು ಅಂದಿನಿಂದ ಮಾತಾಡುತ್ತಿಲ್ಲ.

ದೂರದ ಸವಾರಿ ಮಾಡುವವರನ್ನೂ ವಿಚಾರಿಸಿದೆ. 'ಬ್ರೆವೆ' ಎಂದು ಕರೆಯುವ ಸವಾರಿಗಳಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600ನ್ನು ನಲವತ್ತು ಗಂಟೆಯಲ್ಲಿ ಮುಗಿಸಬೇಕು. ಊಟ, ನಿದ್ದೆ, ಪಂಕ್ಚರು ಎಲ್ಲ ಅದರಲ್ಲೇ. ಅಂದರೆ ಗಂಟೆಗೆ ಹದಿನೈದು ಕಿಲೋಮೀಟರು ಸಾಕು, ನಿಲ್ಲದೆ ಹೋಗುತ್ತಿರಬೇಕು, ಅಷ್ಟೆ. ಇವರ ಪೈಕಿ ಅನುಭವಿಗಳ ಸೈಕಲ್ಲು ನೋಡಿದರೆ ಮಡ್‌ಗಾರ್ಡು ಮರಳಿ ಬಂದಿರುತ್ತದೆ, ಚೀಲಗಳು ಬಂದಿರುತ್ತವೆ, ಚಕ್ರದ ನಡುವೆ ಡೈನಮೊ ಕೂಡ. ನಮ್ಮಪ್ಪ ನೋಡಿದ್ದರೆ ಬಹಳ ಒಪ್ಪುತ್ತಿದ್ದರು. ಇವರಲ್ಲೊಬ್ಬರು ನನಗೆ ಹೇಳಿದ್ದು ಒಂದೇ ಮಾತು: ಏರನ್ನು ಹೇಗೋ ಹತ್ತಬಹುದು ಸಾರ್, ಇಳಿಜಾರಿಗೆ ಏನು ಮಾಡಿದ್ದೀರಿ?

ಇಳಿಜಾರು. ಸೈಕಲ್ಲಿನವರ ಮಾತಿನಲ್ಲಿ ಅದು ಬರುವುದೇ ಇಲ್ಲ. ಫೋನಿನ ಆ್ಯಪುಗಳಲ್ಲಿ ಏರಿದ ಸಮಯ ಹಾಕಿಕೊಳ್ಳುತ್ತೇವೆ, ಇಳಿದದ್ದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಆದರೆ ನಂದಿಯಿಂದ ಇಳಿಯುವ ಹೊತ್ತೇ ಬೇರೆ. ಎಂಟು ಗಂಟೆಗೆ ಕೆಳಗಿನಿಂದ ಕಾರು ಬೈಕುಗಳು ದಂಡು ಕಟ್ಟಿಕೊಂಡು ಮೇಲೆ ಬರುತ್ತಿರುತ್ತವೆ, ತಿರುವಿನಲ್ಲಿ ತಮ್ಮ ಪಕ್ಕ ಯಾವುದೆಂಬ ಪ್ರಜ್ಞೆ ಎಲ್ಲರಿಗೂ ಇರುವುದಿಲ್ಲ. ಮಂಜಿಗೆ ರಸ್ತೆ ಒದ್ದೆ. ಕೋತಿಗಳ ಸಂಸಾರ ಕಟ್ಟೆಯ ಮೇಲಿಂದ ಯಾವ ಕ್ಷಣದಲ್ಲಾದರೂ ಇಳಿಯಬಹುದು. ಎಂಬತ್ತೆಂಟು ಕಿಲೋ ತೂಕ ನಾನೂರು ಮೀಟರಿಗೂ ಮೇಲಿನಿಂದ ಕೆಳಗೆ ಬರುವಾಗ ಬಿಟ್ಟುಕೊಡುವ ಶಕ್ತಿಯನ್ನೆಲ್ಲ ಕೂಡಿಟ್ಟರೆ ಒಂದು ಲೀಟರ್ ತಣ್ಣೀರು ಕುದಿಯುತ್ತದೆ. ಒಂದು ಪಾಲನ್ನು ಗಾಳಿ ಹೀರಿಕೊಂಡರೂ ಉಳಿದದ್ದನ್ನು ಎರಡು ಜೊತೆ ರಬ್ಬರಿನ ತುಂಡುಗಳು ರಿಮ್ಮನ್ನು ಉಜ್ಜಿ ಉಜ್ಜಿ ಕರಗಿಸಬೇಕು. ರಿಮ್ಮು ಒದ್ದೆಯಾಗಿದ್ದರೆ ಬ್ರೇಕು ಮೊದಲು ನೀರು ಒರೆಸುತ್ತದೆ, ಆಮೇಲೆ ಹಿಡಿಯುತ್ತದೆ. ಆ ನಡುವೆ ಚಕ್ರ ಒಂದೆರಡು ಸುತ್ತು ಉರುಳಿರುತ್ತದೆ. ಅರ್ಧ ಬೆಟ್ಟ ಇಳಿಯುವಷ್ಟರಲ್ಲಿ ನನ್ನ ಎರಡೂ ಕೈಯ ಬೆರಳುಗಳು ಮರಗಟ್ಟಿ, ಮುಷ್ಟಿ ಬಿಡಿಸಿಕೊಳ್ಳಲು ಪಕ್ಕಕ್ಕೆ ನಿಲ್ಲಿಸುತ್ತೇನೆ. ಗುಂಪಿನವರು ದೃಶ್ಯ ನೋಡಲು ನಿಂತೆ ಅಂದುಕೊಳ್ಳುತ್ತಾರೆ.

ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಡಿಸ್ಕ್ ಬ್ರೇಕಿಗೆ ಒಂದು ಬೆರಳು ಸಾಕು. ಮಳೆ ಅದಕ್ಕೆ ದೊಡ್ಡ ವಿಷಯವಲ್ಲ. ಮತ್ತು ಇದು, ಇದೊಂದು ಮಾತ್ರ, ನನ್ನ ಹಳೆಯ ಸೈಕಲ್ಲಿಗೆ ಹಾಕಲು ಬರುವುದಿಲ್ಲ. ಫ್ರೇಮಿನಲ್ಲಿ ಅದಕ್ಕೆ ಕಿವಿಗಳೇ ಇಲ್ಲ, ಚಕ್ರದ ಹಬ್ಬೂ ಬೇರೆ. ಅದರ ಜೊತೆಗೇ ಬರುವ ಇನ್ನೊಂದು ಸಂಗತಿ ಟೈರಿನ ಅಗಲ. ನನ್ನ ಸೈಕಲ್ಲಿನ ರಿಮ್ ಬ್ರೇಕಿನ ಕವಲಿನೊಳಗೆ 25 ಮಿಲಿಮೀಟರ್ ಟೈರು ತೂರಿದರೆ ಹೆಚ್ಚು. ಡಿಸ್ಕ್ ಇದ್ದರೆ 32ರ ತನಕ ಹಾಕಬಹುದು, ಗಾಳಿ ಸ್ವಲ್ಪ ಕಡಿಮೆ ತುಂಬಿಸಬಹುದು, ಬೆಂಗಳೂರಿನ ರಸ್ತೆಯ ಹಳ್ಳಗಳಿಗೆ ಹಲ್ಲು ಕಚ್ಚುವುದು ತಪ್ಪುತ್ತದೆ. ರೇಸಿನವರೇ ಈಗ 23ನ್ನು ಬಿಟ್ಟು 28ಕ್ಕೂ ಅದರಾಚೆಗೂ ಹೋಗಿದ್ದಾರೆ. ತೆಳ್ಳಗಿದ್ದಷ್ಟೂ ವೇಗ ಎಂದು ನಾವು ಅಷ್ಟು ವರ್ಷ ನಂಬಿದ್ದೆಲ್ಲ ನುಣುಪು ಟ್ರ್ಯಾಕಿನ ಮಾತು.

ಹೀಗೆ ವೇಗಕ್ಕೆಂದು ಹೊರಟ ನಾನು ನಿಲ್ಲುವುದಕ್ಕೆ ದುಡ್ಡು ಕೊಡಲು ಒಪ್ಪಿಕೊಂಡೆ. ಅಲ್ಯುಮಿನಿಯಂ ಫ್ರೇಮೇ ಇರಲಿ, ಗೇರು ತಂತಿಯದೇ ಇರಲಿ, 'ಕಟಕ್' ಎನ್ನುವುದಿದ್ದರೆ ಎನ್ನಲಿ. ಎಣ್ಣೆಯ ಡಿಸ್ಕ್ ಬ್ರೇಕು, ಅಗಲ ಟೈರಿಗೆ ಜಾಗ, ಇಷ್ಟಿದ್ದರೆ ಸಾಕು. ತೂಕ ಹಳೆಯದರಷ್ಟೇ. ಬೆಲೆ ಆ ಕಾರ್ಬನ್ ಸುಂದರಿಯ ಅರ್ಧಕ್ಕಿಂತ ಕಡಿಮೆ. ಹೆಂಡತಿಗೆ ಹೇಳಿದಾಗ ಅವಳು, "ಅದಕ್ಕೆ ಇಷ್ಟು ದಿನ ಬೇಕಾಯ್ತಾ? ಬ್ರೇಕ್ ಸರಿ ಇಲ್ಲ ಅಂತ ಅವತ್ತೇ ಹೇಳಿದ್ರೆ ಅವತ್ತೇ ತಗೊಳಿ ಅಂತಿದ್ದೆ" ಎಂದಳು.

ಅಂಗಡಿಗೆ ಮತ್ತೆ ಹೋದೆ. ಹುಡುಗನಿಗೆ ಸ್ವಲ್ಪ ನಿರಾಸೆಯಾದದ್ದು ಕಂಡರೂ ಸೈಕಲ್ ತೋರಿಸಿದ. ಕಡುನೀಲಿ ಬಣ್ಣ, ನೋಡಲು ಲಕ್ಷಣವಾಗಿದೆ. ಈ ಸಲ ನಾನು ಎತ್ತಿ ನೋಡಲಿಲ್ಲ, ಹತ್ತಿ ಕೂತೆ. ಹ್ಯಾಂಡಲ್ಲು ತೀರಾ ಹತ್ತಿರ ಬಂತು, ಮೊಣಕಾಲು ಮೊಣಕೈಗೆ ತಾಗುವಂತಾಯಿತು. ಅಳತೆ ಕೇಳಿದೆ. 52 ಎಂದ. ನನ್ನದು 56.

"ಸೀಟು ಮೇಲೆತ್ತಿ, ಮುಂದೆ ಉದ್ದದ ಸ್ಟೆಮ್ ಹಾಕಿಕೊಡ್ತೀನಿ ಸಾರ್, ಅಡ್ಜಸ್ಟ್ ಆಗುತ್ತೆ. ಈ ಬಣ್ಣದಲ್ಲಿ ಇದೊಂದೇ ಪೀಸು ಉಳಿದಿರೋದು."

ಆಗುವುದಿಲ್ಲ. ಕೂರುವ ಭಂಗಿಯೇ ತಪ್ಪಿದ ಮೇಲೆ ಬ್ರೇಕು ಎಷ್ಟು ಒಳ್ಳೆಯದಿದ್ದರೇನು? 56 ಬಂದ ಮೇಲೆ ಫೋನ್ ಮಾಡು, ಬಣ್ಣ ಯಾವುದಿದ್ದರೂ ಪರವಾಗಿಲ್ಲ ಎಂದು ನಂಬರ್ ಬರೆಸಿ ಬಂದಿದ್ದೇನೆ. ಮುಂದಿನ ತಿಂಗಳು ಬರಬಹುದು ಎನ್ನುತ್ತಾನೆ.